ರಕ್ತದೊತ್ತಡಕ್ಕೆ ನರಚಿಕಿತ್ಸೆ: ಗುಳಿಗೆಗಳಿಗೆ ವಿದಾಯವೇ?

ಕಳೆದ ತಿಂಗಳ ಆರೋಗ್ಯ ತಪಾಸಣಾ ಶಿಬಿರದಲ್ಲಿ ನಿವೃತ್ತ ಶಿಕ್ಷಕರೊಬ್ಬರು ನನ್ನೆದುರು ಬಂದು ಕುಳಿತರು. ಹತ್ತು ವರ್ಷಗಳಿಂದ ಪರಿಚಿತರು. ದಿನವೂ ಎರಡು ಗುಳಿಗೆಗಳನ್ನು ತಪ್ಪದೆ ಸೇವಿಸುವ ಶಿಸ್ತಿನವರು. ಅವರ ರಕ್ತದೊತ್ತಡ ಸಾಮಾನ್ಯವಾಗಿ 130ರ ಆಸುಪಾಸಿನಲ್ಲಿ ಇರುತ್ತಿತ್ತು. ಅಂದು 184/102 ಇತ್ತು. ಕಾರಣ ಕೇಳಿದೆ. "ಹದಿನೈದು ದಿವಸ ಆತ್ರಿ, ಗುಳಿಗಿ ಬಿಟ್ಟೀನಿ. ತೊಡಿಯೊಳಗ ತಂತಿ ಹಾಕಿ ಕಿಡ್ನಿ ನರ ಸುಟ್ರ ಬಿ.ಪಿ. ಕಾಯಂ ಹೋಗ್ತದಂತ. ಮಗ ಬೆಂಗಳೂರಾಗ ವಿಚಾರ ಮಾಡ್ಲಿಕ್ಕತ್ತಾನ. ಇನ್ನ ಗುಳಿಗಿ ಯಾಕ್ರಿ?" ಎಂದರು.

ಇದೇ ಪ್ರಶ್ನೆಯನ್ನು ಇನ್ನೂ ಕೆಲವು ಭಕ್ತರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳನ್ನು ತೋರಿಸಿದವರೂ ಉಂಟು. ಆದ್ದರಿಂದ ಈ ಚಿಕಿತ್ಸೆ ಏನು, ಅದರಿಂದ ಎಷ್ಟು ಪ್ರಯೋಜನ, ಯಾರಿಗೆ ಅದು ಯೋಗ್ಯ ಎಂಬುದನ್ನು ಈ ಸಂಚಿಕೆಯಲ್ಲಿ ವಿವರವಾಗಿ ತಿಳಿಸುವುದು ಉಚಿತವೆನಿಸಿತು.

ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ಏನು ಸಂಬಂಧ?

ನಮ್ಮ ಇಚ್ಛೆಗೆ ಒಳಪಡದೆ ತಾನೇ ತಾನಾಗಿ ಕೆಲಸ ಮಾಡುವ ನರವ್ಯೂಹವೊಂದು ದೇಹದಲ್ಲಿದೆ. ಅದರ ಒಂದು ಶಾಖೆಯನ್ನು ಸಿಂಪಥೆಟಿಕ್ ನರವ್ಯೂಹ ಎನ್ನುತ್ತಾರೆ. ಹೊಲದಲ್ಲಿ ಎದುರಿಗೆ ಹಾವು ಕಂಡಾಗ ಎದೆ ಡವಡವ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಓಡಲು ಬಲ ಬರುವುದು ಇವೆಲ್ಲ ಈ ನರಗಳ ಕಾರ್ಯವೇ. ಅಪಾಯದ ಹೊತ್ತಿನಲ್ಲಿ ಇದು ಪ್ರಾಣರಕ್ಷಕ. ಆದರೆ ಅಪಾಯವಿಲ್ಲದಿರುವಾಗಲೂ ಈ ನರಗಳು ಸದಾ ಉದ್ರಿಕ್ತವಾಗಿಯೇ ಇದ್ದರೆ ರಕ್ತನಾಳಗಳು ಬಿಗಿದುಕೊಂಡೇ ಇರುತ್ತವೆ.

ಈ ನರಗಳ ಎಳೆಗಳು ಮೂತ್ರಪಿಂಡದ ಅಪಧಮನಿಯ ಹೊರಪದರವನ್ನು ಬಳ್ಳಿಯಂತೆ ಸುತ್ತಿಕೊಂಡು ಮೂತ್ರಪಿಂಡವನ್ನು ಸೇರುತ್ತವೆ. ಅವು ಉದ್ರೇಕಗೊಂಡಾಗ ಮೂರು ಕಾರ್ಯಗಳು ನಡೆಯುತ್ತವೆ. ಮೂತ್ರಪಿಂಡವು ಉಪ್ಪನ್ನೂ ನೀರನ್ನೂ ಹೊರಹಾಕದೆ ಹಿಡಿದಿಡುತ್ತದೆ. ರೆನಿನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಸ್ರವಿಸುತ್ತದೆ. ತನ್ನೊಳಗಿನ ರಕ್ತನಾಳಗಳನ್ನು ಸಂಕೋಚಿಸುತ್ತದೆ. ಮೂರರ ಫಲವೂ ಒಂದೇ, ರಕ್ತದೊತ್ತಡದ ಏರಿಕೆ. ಇದಲ್ಲದೆ ಮೂತ್ರಪಿಂಡದಿಂದ ಮೆದುಳಿಗೆ ಸಂದೇಶ ಒಯ್ಯುವ ನರಗಳೂ ಇದೇ ಮಾರ್ಗದಲ್ಲಿವೆ. ಅವು ಮೆದುಳನ್ನು ಕೆರಳಿಸಿ ಇಡೀ ದೇಹದ ಸಿಂಪಥೆಟಿಕ್ ನರಗಳನ್ನು ಇನ್ನಷ್ಟು ಉದ್ರೇಕಿಸುತ್ತವೆ. ಈ ನರಗಳ ಹಿಡಿತ ಸಡಿಲಿಸಿದರೆ ಒತ್ತಡ ಇಳಿಯಬೇಕು ಎಂಬುದೇ ಈ ಚಿಕಿತ್ಸೆಯ ತರ್ಕ. ವೈದ್ಯರು ಇದನ್ನು ರೀನಲ್ ಡಿನರ್ವೇಶನ್ ಎಂದು ಕರೆಯುತ್ತಾರೆ.

ಕತ್ತಿಯಿಂದ ಕ್ಯಾಥೆಟರ್‌ವರೆಗೆ

ಈ ಆಲೋಚನೆ ಹೊಸದಲ್ಲ. ಕಳೆದ ಶತಮಾನದ ನಡುಭಾಗದವರೆಗೂ ರಕ್ತದೊತ್ತಡಕ್ಕೆ ಪರಿಣಾಮಕಾರಿಯಾದ ಔಷಧಗಳೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡವು 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡಾಗ ಅದು 300/190 ಆಗಿತ್ತು. ಜಗತ್ತಿನ ಅತ್ಯುತ್ತಮ ವೈದ್ಯರು ಬಳಿಯಲ್ಲಿದ್ದರೂ ಕೊಡಲು ಅವರ ಕೈಯಲ್ಲಿ ತಕ್ಕ ಔಷಧವಿರಲಿಲ್ಲ.

ಅಂಥ ಕಾಲದಲ್ಲಿ ಶಸ್ತ್ರವೈದ್ಯರು ಬೆನ್ನನ್ನು ತೆರೆದು, ಬೆನ್ನುಮೂಳೆಯ ಪಕ್ಕದಲ್ಲಿ ಹಾಯುವ ಸಿಂಪಥೆಟಿಕ್ ನರಗಳನ್ನೇ ಕತ್ತರಿಸುತ್ತಿದ್ದರು. ಬಾಸ್ಟನ್ನಿನ ಶಸ್ತ್ರವೈದ್ಯ ಸ್ಮಿತ್‌ವಿಕ್ ಮತ್ತು ಅವರ ಸಹೋದ್ಯೋಗಿ 1953ರಲ್ಲಿ ಇಂಥ 1,266 ಶಸ್ತ್ರಚಿಕಿತ್ಸೆಗಳ ಫಲಿತಾಂಶ ಪ್ರಕಟಿಸಿದರು. ಅನೇಕರ ಆಯುಷ್ಯ ಹೆಚ್ಚಿದ್ದು ನಿಜ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಬೀಳುವುದು, ಮಲಮೂತ್ರದ ತೊಂದರೆ, ಪುರುಷರಲ್ಲಿ ಲೈಂಗಿಕ ದೌರ್ಬಲ್ಯ ಇವು ಸಾಮಾನ್ಯವಾಗಿದ್ದವು. ಒಳ್ಳೆಯ ಗುಳಿಗೆಗಳು ಬಂದೊಡನೆ ಈ ಶಸ್ತ್ರಚಿಕಿತ್ಸೆ ಮೂಲೆಗೆ ಸರಿಯಿತು.

ಬೆನ್ನನ್ನು ತೆರೆಯದೆ, ಮೂತ್ರಪಿಂಡದ ನರಗಳನ್ನು ಮಾತ್ರ ರಕ್ತನಾಳದ ಒಳಗಿನಿಂದಲೇ ಸುಡುವ ಪ್ರಯೋಗವನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಹೆನ್ರಿ ಕ್ರಮ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ವರದಿ ಮಾಡಿದರು. ಅಲ್ಲಿಂದ ಹೊಸ ಅಧ್ಯಾಯ ಆರಂಭವಾಯಿತು.

ಚಿಕಿತ್ಸೆ ನಡೆಯುವ ಬಗೆ

ರೋಗಿಗೆ ಮಂಪರು ಬರುವ ಔಷಧ ಕೊಟ್ಟು, ತೊಡೆಸಂದಿನ ಅಪಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯನ್ನು ಒಳಕ್ಕೆ ತೂರಿಸುತ್ತಾರೆ. ಹೃದಯದ ಆಂಜಿಯೋಗ್ರಾಮ್ ಮಾಡುವ ಕೋಣೆಯಲ್ಲೇ, ಕ್ಷ-ಕಿರಣದ ಪರದೆಯನ್ನು ನೋಡುತ್ತ ಅದನ್ನು ಮೂತ್ರಪಿಂಡದ ಅಪಧಮನಿಯವರೆಗೆ ಒಯ್ಯುತ್ತಾರೆ. ಮುಂದೆ ಎರಡು ವಿಧಾನಗಳು ಮುಖ್ಯವಾಗಿವೆ. ಒಂದರಲ್ಲಿ, ಸುರುಳಿಯಾಕಾರದ ತುದಿಯಲ್ಲಿರುವ ನಾಲ್ಕು ಬಿಂದುಗಳಿಂದ ರೇಡಿಯೋ ತರಂಗಗಳ ಶಾಖವನ್ನು ಒಂದೊಂದು ಸ್ಥಳದಲ್ಲಿ ಸುಮಾರು 60 ಸೆಕೆಂಡು ಕೊಡುತ್ತಾರೆ. ಇನ್ನೊಂದರಲ್ಲಿ, ಪುಟ್ಟ ಬಲೂನಿನೊಳಗಿನಿಂದ ಶ್ರವಣಾತೀತ ಧ್ವನಿತರಂಗಗಳನ್ನು ಒಂದು ಸಲಕ್ಕೆ 7 ಸೆಕೆಂಡು ಹಾಯಿಸುತ್ತಾರೆ. ಬಲೂನಿನಲ್ಲಿ ಹರಿಯುವ ನೀರು ರಕ್ತನಾಳದ ಒಳಗೋಡೆಯನ್ನು ತಂಪಾಗಿಡುತ್ತದೆ. ಶಾಖ ಹೊರಪದರದ ನರಗಳಿಗೆ ತಗಲುತ್ತದೆ. ಎರಡೂ ಬದಿಯ ಅಪಧಮನಿಗಳಿಗೆ ಚಿಕಿತ್ಸೆ ಮುಗಿಯಲು ಸುಮಾರು ಒಂದು ಗಂಟೆ ಸಾಕು. ಕೊನೆಗೆ ಕೊಳವೆಯನ್ನು ಹೊರತೆಗೆಯುತ್ತಾರೆ. ದೇಹದೊಳಗೆ ಏನನ್ನೂ ಬಿಡುವುದಿಲ್ಲ.

ಸುಳ್ಳು ಚಿಕಿತ್ಸೆ ಹೇಳಿದ ಸತ್ಯ

ಮೊದಮೊದಲ ವರದಿಗಳು ಬೆರಗು ಹುಟ್ಟಿಸುವಂತಿದ್ದವು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳಿಗೆ ಮೇಲಿನ ಅಂಕಿ ಸರಾಸರಿ 32 ಮಿಲಿಮೀಟರ್ ಇಳಿದಿತ್ತು. ಅಧಿಕ ರಕ್ತದೊತ್ತಡದ ಯುಗವೇ ಮುಗಿಯಿತೆಂದು ಭಾವಿಸಿದವರೂ ಇದ್ದರು. ಆದರೆ ಆ ಅಧ್ಯಯನದಲ್ಲಿ, ಚಿಕಿತ್ಸೆ ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ ಎಂಬುದು ರೋಗಿಗಳಿಗೂ ವೈದ್ಯರಿಗೂ ಗೊತ್ತಿತ್ತು.

ಆಗ ಅಮೆರಿಕದ 88 ಕೇಂದ್ರಗಳಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ನಡೆಯಿತು. ಮೂರು ಅಥವಾ ಹೆಚ್ಚು ಔಷಧಗಳಿದ್ದರೂ ಒತ್ತಡ ಇಳಿಯದ 535 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ನರಗಳನ್ನು ಸುಟ್ಟರು. ಇನ್ನೊಂದು ಗುಂಪಿಗೆ ಕೊಳವೆ ಹಾಕಿ ಚಿತ್ರ ಮಾತ್ರ ತೆಗೆದು ಹೊರಬಂದರು, ನರಗಳನ್ನು ಮುಟ್ಟಲಿಲ್ಲ. ರೋಗಿಗಳಿಗೆ ಮಂಪರಿನ ಔಷಧ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಸಂಗೀತ ಹಾಕಿದ್ದರಿಂದ ತಮಗೆ ಆದದ್ದು ಯಾವುದು ಎಂದು ಅವರಿಗೆ ತಿಳಿಯಲಿಲ್ಲ.

2014ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ನರ ಸುಟ್ಟವರಲ್ಲಿ ಮೇಲಿನ ಅಂಕಿ ಸರಾಸರಿ 14.13 ಮಿಲಿಮೀಟರ್ ಇಳಿದಿತ್ತು. ಏನೂ ಮಾಡದವರಲ್ಲಿ 11.74 ಮಿಲಿಮೀಟರ್ ಇಳಿದಿತ್ತು! ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಾಗಿರಲಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನರಗಳನ್ನು ಮುಟ್ಟದೆಯೂ ಹನ್ನೆರಡು ಮಿಲಿಮೀಟರಿನಷ್ಟು ಒತ್ತಡ ಇಳಿದದ್ದು ಹೇಗೆ? ಅಂಕಿ ತೀರ ಏರಿದ್ದಾಗ ಆಯ್ಕೆಯಾದವರಲ್ಲಿ ಅದು ತಾನಾಗಿಯೇ ಸ್ವಲ್ಪ ಇಳಿಯುವುದುಂಟು. ಏನೋ ದೊಡ್ಡ ಚಿಕಿತ್ಸೆಯಾಗಿದೆ ಎಂಬ ನಂಬಿಕೆಯೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂದು ತಿಳಿದ ರೋಗಿ ಗುಳಿಗೆಗಳನ್ನು ಸರಿಯಾಗಿ ನುಂಗುತ್ತಾನೆ. ಇದು ಬರಿಯ ಊಹೆಯಲ್ಲ. ಮುಂದೆ 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ರಕ್ತ ಮತ್ತು ಮೂತ್ರದಲ್ಲಿ ಔಷಧದ ಅಂಶವನ್ನು ಅಳೆದು ನೋಡಿದಾಗ, ಬರೆದುಕೊಟ್ಟ ಗುಳಿಗೆಗಳನ್ನು ಸರಿಯಾಗಿ ಸೇವಿಸುತ್ತಿದ್ದವರು ಸುಮಾರು ಶೇ. 60ರಷ್ಟು ಮಾತ್ರ. ಪರೀಕ್ಷೆ ನಡೆಯುತ್ತಿದೆಯೆಂದು ಗೊತ್ತಿದ್ದೂ ಹೀಗಾದರೆ, ಯಾರೂ ನೋಡದಿರುವ ನಮ್ಮ ಮನೆಗಳಲ್ಲಿ ಹೇಗಿರಬಹುದು?

ಇಂದಿನ ನಿಲುವು

ಆ ಸೋಲಿನ ನಂತರ ಉಪಕರಣವನ್ನೂ ವಿಧಾನವನ್ನೂ ಸುಧಾರಿಸಿ ಹೊಸ ಪರೀಕ್ಷೆಗಳನ್ನು ನಡೆಸಿದರು. ಎಲ್ಲದರಲ್ಲೂ ಸುಳ್ಳು ಚಿಕಿತ್ಸೆಯ ಗುಂಪು ಇತ್ತು. 2020ರಲ್ಲಿ, ಗುಳಿಗೆ ಸೇವಿಸದಿದ್ದ 331 ರೋಗಿಗಳಲ್ಲಿ ರೇಡಿಯೋ ತರಂಗದ ವಿಧಾನವು ದಿನದ 24 ಗಂಟೆಗಳ ಸರಾಸರಿಯನ್ನು ಸುಳ್ಳು ಚಿಕಿತ್ಸೆಗಿಂತ ಸುಮಾರು 4 ಮಿಲಿಮೀಟರ್ ಹೆಚ್ಚು ಇಳಿಸಿತು. 2023ರಲ್ಲಿ, 224 ರೋಗಿಗಳಲ್ಲಿ ಧ್ವನಿತರಂಗದ ವಿಧಾನವು ಹಗಲಿನ ಒತ್ತಡವನ್ನು ಸುಮಾರು 6 ಮಿಲಿಮೀಟರ್ ಹೆಚ್ಚು ಇಳಿಸಿತು. ಆದರೆ ಗುಳಿಗೆ ಸೇವಿಸುತ್ತಲೇ ಇದ್ದವರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ 24 ಗಂಟೆಗಳ ಸರಾಸರಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಈ ಆಧಾರಗಳ ಮೇಲೆ 2023ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡೂ ಉಪಕರಣಗಳಿಗೆ ಅನುಮತಿ ನೀಡಿತು. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ನಡೆಯುತ್ತಿದೆ, ವೆಚ್ಚ ಲಕ್ಷಗಳಲ್ಲಿದೆ.

ನಾಲ್ಕಾರು ಮಿಲಿಮೀಟರ್ ಎಂದರೆ ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಮೇಲಿನ ಅಂಕಿ 5 ಮಿಲಿಮೀಟರ್ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅಪಾಯಗಳು ಶೇ. 10ರಷ್ಟು ಕಡಿಮೆಯಾಗುತ್ತವೆಂದು ಔಷಧಗಳ ಅಧ್ಯಯನಗಳಿಂದ ತಿಳಿದಿದೆ. ಆದರೆ ಇಷ್ಟೇ ಇಳಿಕೆಯನ್ನು ಸಾಮಾನ್ಯವಾದ ಒಂದು ಗುಳಿಗೆಯೂ ಕೊಡುತ್ತದೆ. ಮೂರು ಔಷಧಗಳಿಗೂ ಬಗ್ಗದ ಒತ್ತಡಕ್ಕೆ ನಾಲ್ಕನೆಯದಾಗಿ ಸ್ಪೈರೊನೊಲ್ಯಾಕ್ಟೋನ್ ಎಂಬ ಅಗ್ಗದ ಗುಳಿಗೆಯನ್ನು ಸೇರಿಸಿದಾಗ, ಹುಸಿಗುಳಿಗೆಗಿಂತ 8.7 ಮಿಲಿಮೀಟರ್ ಹೆಚ್ಚು ಇಳಿಯಿತೆಂದು 2015ರಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿದೆ. ರಕ್ತದ ಪೊಟ್ಯಾಸಿಯಮ್ ಪರೀಕ್ಷಿಸುತ್ತ ವೈದ್ಯರೇ ಅದನ್ನು ಕೊಡಬೇಕು.

ಯುರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿಯೂ ಅಮೆರಿಕದ 2025ರ ಮಾರ್ಗಸೂಚಿಯೂ ಈ ಚಿಕಿತ್ಸೆಯನ್ನು "ಆಯ್ದ ರೋಗಿಗಳಲ್ಲಿ ಪರಿಗಣಿಸಬಹುದು" ಎಂಬ ಸೌಮ್ಯವಾದ ದರ್ಜೆಯಲ್ಲಿ ಇಟ್ಟಿವೆ. ಮೊದಲ ಚಿಕಿತ್ಸೆಯಾಗಿ ಯಾರೂ ಇದನ್ನು ಹೇಳುವುದಿಲ್ಲ. ಚಿಕಿತ್ಸೆಯಾದ ಬಹುಪಾಲು ರೋಗಿಗಳು ಗುಳಿಗೆಗಳನ್ನು ಮುಂದುವರಿಸಬೇಕಾಗುತ್ತದೆ. ಈ ಚಿಕಿತ್ಸೆಯಿಂದ ಪಾರ್ಶ್ವವಾಯು ಅಥವಾ ಹೃದಯಾಘಾತ ನೇರವಾಗಿ ಕಡಿಮೆಯಾದದ್ದನ್ನು ಯಾವ ಪರೀಕ್ಷೆಯೂ ಇನ್ನೂ ಸಾಧಿಸಿ ತೋರಿಸಿಲ್ಲ. ತೊಂದರೆಗಳು ವಿರಳ, ಕೊಳವೆ ಹಾಕಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಊದುವುದು, ಅಪರೂಪಕ್ಕೆ ಅಪಧಮನಿ ಕಿರಿದಾಗುವುದು ಉಂಟು.

ತಂತಿಗಿಂತ ಮೊದಲು ನೋಡಬೇಕಾದದ್ದು

ಹಾಗಾದರೆ ಇದು ಯಾರಿಗೆ? ಮೂತ್ರ ಹೆಚ್ಚಿಸುವ ಗುಳಿಗೆಯೂ ಸೇರಿದಂತೆ ಮೂರು ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ, ನಿಜವಾಗಿ ಸೇವಿಸಿಯೂ ಒತ್ತಡ ಇಳಿಯದವರಿಗೆ. ಹಲವು ಔಷಧಗಳು ದೇಹಕ್ಕೆ ಒಗ್ಗದವರಿಗೆ. ಅಂಥವರಿಗೆ ಇದೊಂದು ಬೆಲೆಯುಳ್ಳ ದಾರಿ. ಗರ್ಭಿಣಿಯರಿಗೂ ಮೂತ್ರಪಿಂಡದ ಶಕ್ತಿ ಬಹಳ ಕುಗ್ಗಿದವರಿಗೂ ಸಲ್ಲದು. ನಿರ್ಧಾರಕ್ಕೆ ಮುನ್ನ ಕೆಲವು ಸಂಗತಿಗಳನ್ನು ಪರಿಶೀಲಿಸಲೇಬೇಕು.

ಮೊದಲನೆಯದು ಅಳತೆ. ಮೆಟ್ಟಿಲು ಹತ್ತಿ ಬಂದು, ಮಾತನಾಡುತ್ತ, ಚಹಾ ಕುಡಿದ ಕೂಡಲೇ ಅಳೆದ ಅಂಕಿಯನ್ನು ನಂಬಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಎರಡು ಸಲ ಅಳೆಯಬೇಕು. ಆಸ್ಪತ್ರೆಯಲ್ಲಿ ಮಾತ್ರ ಏರುವ ಒತ್ತಡವೂ ಉಂಟು. ಅದನ್ನು ಮನೆಯ ಅಳತೆಯಿಂದ ಅಥವಾ 24 ಗಂಟೆ ತೋಳಿಗೆ ಕಟ್ಟುವ ಯಂತ್ರದಿಂದ ಗುರುತಿಸಬಹುದು.

ಎರಡನೆಯದು ಅಡಗಿದ ಕಾರಣಗಳು. ಜೋರಾಗಿ ಗೊರಕೆ ಹೊಡೆದು ನಿದ್ರೆಯಲ್ಲಿ ಉಸಿರು ಕಟ್ಟುವುದು, ಮೂತ್ರಪಿಂಡದ ಮೇಲಿನ ಗ್ರಂಥಿಯು ಆಲ್ಡೋಸ್ಟಿರೋನ್ ದ್ರವ್ಯವನ್ನು ಅತಿಯಾಗಿ ಸ್ರವಿಸುವುದು, ಮೂತ್ರಪಿಂಡದ ಅಪಧಮನಿ ಕಿರಿದಾಗಿರುವುದು ಇವಕ್ಕೆ ಬೇರೆಯೇ ಚಿಕಿತ್ಸೆಗಳಿವೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಗುಳಿಗೆಗಳೂ ಒತ್ತಡವನ್ನು ಏರಿಸುತ್ತವೆ.

ಮೂರನೆಯದನ್ನು ಆಯುರ್ವೇದ ವೈದ್ಯನಾಗಿ ನಾನೇ ಹೇಳಬೇಕು. ಕೆಮ್ಮಿಗೆ ಉತ್ತಮವಾದ ಜ್ಯೇಷ್ಠಮಧುವನ್ನು ತಿಂಗಳುಗಟ್ಟಲೆ ಸೇವಿಸಿದರೆ ಅದು ಉಪ್ಪನ್ನು ದೇಹದಲ್ಲಿ ಹಿಡಿದಿಟ್ಟು ಒತ್ತಡವನ್ನು ಏರಿಸುತ್ತದೆ. ಅಜೀರ್ಣಕ್ಕೆ ಬಳಸುವ ಲವಣಭಾಸ್ಕರ ಚೂರ್ಣದಲ್ಲಿ ಹಲವು ಬಗೆಯ ಲವಣಗಳಿವೆ. ಸೈಂಧವ ಲವಣದಿಂದ ಬಾಧೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅದರಲ್ಲಿಯೂ ಇರುವುದು ಬಹುಪಾಲು ಅದೇ ಸೋಡಿಯಮ್. ಪಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ಎಚ್ಚರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲವೂ ಆ ಚಮಚದೊಳಗೇ ಸೇರಬೇಕು.

ಸರ್ಪಗಂಧದ ನೆನಪು

"ಆಯುರ್ವೇದದಲ್ಲಿ ಇದಕ್ಕೆ ಮದ್ದಿಲ್ಲವೇ?" ಎಂದು ಕೇಳುವವರಿಗೆ ಒಂದು ಇತಿಹಾಸ ಹೇಳುತ್ತೇನೆ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಜಗತ್ತಿನ ಗಮನ ಅದರತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದು ಕೆಲಸ ಮಾಡುವುದು ಎಲ್ಲಿ? ಇದೇ ಸಿಂಪಥೆಟಿಕ್ ನರಗಳ ತುದಿಗಳಲ್ಲಿ. ಅಲ್ಲಿ ಸಂಗ್ರಹವಾಗಿರುವ ಉದ್ರೇಕಕಾರಿ ದ್ರವ್ಯವನ್ನು ಅದು ಬರಿದುಮಾಡುತ್ತದೆ. ಇಂದು ಕ್ಯಾಥೆಟರ್ ಶಾಖದಿಂದ ಮಾಡಲೆತ್ನಿಸುವುದನ್ನು ನಮ್ಮ ಬೇರು ಬೇರೊಂದು ರೀತಿಯಲ್ಲಿ ಮಾಡಿತ್ತು.

ಹೆಮ್ಮೆಯ ಜೊತೆಗೆ ಎಚ್ಚರವೂ ಬೇಕು. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರು ತೀವ್ರ ಖಿನ್ನತೆಗೆ ಒಳಗಾದದ್ದೂ ದಾಖಲಾಗಿದೆ. ಆದ್ದರಿಂದ ಸಂತೆಯಲ್ಲಿ ಮಾರುವ ಬೇರನ್ನು ತಂದು ಅಳತೆಯಿಲ್ಲದೆ ಅರೆದು ಕುಡಿಯುವುದು ಅಪಾಯಕರ.

ನನ್ನಿಂದಾದ ಒಂದು ತಪ್ಪು

ಶಿಕ್ಷಕರ ಮಾತು ಕೇಳಿದಾಗ ನನಗೆ ಬೇರೊಬ್ಬರ ನೆನಪಾಯಿತು. ನಾನು ವೃತ್ತಿ ಆರಂಭಿಸಿದ ಹೊಸತು. ಐವತ್ತರ ಆಸುಪಾಸಿನ ರೈತರೊಬ್ಬರು ಇಂಗ್ಲಿಷ್ ಗುಳಿಗೆಗಳ ಜೊತೆಗೆ ನನ್ನ ಕಷಾಯವನ್ನೂ ಸೇವಿಸುತ್ತಿದ್ದರು. ಒತ್ತಡ 130/84ಕ್ಕೆ ಬಂದಿತ್ತು. "ಇನ್ನ ಆ ಗುಳಿಗಿ ಬಿಡ್ಲೇನ್ರಿ?" ಎಂದು ಕೇಳಿದರು. ನನ್ನ ಔಷಧದ ಮೇಲಿನ ಅಭಿಮಾನದಿಂದ, "ನಿಧಾನವಾಗಿ ಕಡಿಮೆ ಮಾಡಿ ನೋಡೋಣ" ಎಂದುಬಿಟ್ಟೆ. ಅವರ ಗುಳಿಗೆ ಬರೆದುಕೊಟ್ಟ ವೈದ್ಯರನ್ನು ಕೇಳಲಿಲ್ಲ. ಯಾವ ದಿನ ಬಂದು ಮತ್ತೆ ತೋರಿಸಬೇಕೆಂದೂ ಹೇಳಲಿಲ್ಲ. ಅವರು ಅಂದೇ ಗುಳಿಗೆಗಳನ್ನು ಪೂರ್ತಿ ನಿಲ್ಲಿಸಿದರು. ಸುಗ್ಗಿಯ ಸಮಯದಲ್ಲಿ ಕಣದಲ್ಲಿಯೇ ಕುಸಿದರು. ಬಲಗೈ, ಬಲಗಾಲು, ಮಾತು ಹೋದವು. ಅನಂತರ ಒಂಬತ್ತು ವರ್ಷ ಬದುಕಿದರು. ಅವರ ಪತ್ನಿ ಒಂಬತ್ತು ವರ್ಷ ತುತ್ತು ಮಾಡಿ ಉಣಿಸಿದರು. ಆ ತಾಯಿ ನನ್ನನ್ನು ಒಮ್ಮೆಯೂ ದೂರಲಿಲ್ಲ. ಅವರ ಮನೆಗೆ ಹೋದಾಗಲೆಲ್ಲ ನಾನು ತಲೆ ತಗ್ಗಿಸಿಯೇ ಕುಳಿತಿರುತ್ತಿದ್ದೆ.

ಒತ್ತಡ ಇಳಿದದ್ದು ರೋಗ ಹೋದದ್ದರ ಗುರುತಲ್ಲ, ಔಷಧ ಕೆಲಸ ಮಾಡುತ್ತಿರುವುದರ ಗುರುತು ಎಂಬುದನ್ನು ನಾನು ಕಲಿತದ್ದು ಹೀಗೆ. ಕೆಲವು ಗುಳಿಗೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಎತ್ತರಕ್ಕೆ ನೆಗೆಯುತ್ತದೆ. ಕಷಾಯದ ಭರವಸೆಯಿಂದ ಬಿಟ್ಟರೂ, ತಂತಿಯ ಭರವಸೆಯಿಂದ ಬಿಟ್ಟರೂ ಫಲ ಒಂದೇ.

ನಮ್ಮ ದೇಶದಲ್ಲಿ 30ರಿಂದ 79 ವಯಸ್ಸಿನವರಲ್ಲಿ ಸುಮಾರು 18.8 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ತಮಗಿದೆ ಎಂಬುದೇ ತಿಳಿದಿಲ್ಲ. ಅವರಿಗೆ ಮೊದಲು ಬೇಕಾದದ್ದು ಒಂದು ಸರಿಯಾದ ಅಳತೆ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುವ ಗುಳಿಗೆ. ಕಡಿಮೆ ಉಪ್ಪು, ದಿನಕ್ಕೆ ಅರ್ಧ ಗಂಟೆಯ ನಡಿಗೆ, ತಂಬಾಕಿನ ತ್ಯಾಗ. ಇವೆಲ್ಲವನ್ನೂ ಮಾಡಿಯೂ ಒತ್ತಡ ಬಗ್ಗದಿದ್ದರೆ, ಹೃದ್ರೋಗ ತಜ್ಞರ ಬಳಿ ನರಚಿಕಿತ್ಸೆಯ ವಿಷಯವನ್ನು ನಿಸ್ಸಂಕೋಚವಾಗಿ ಕೇಳಿರಿ. ಅಲ್ಲಿಯವರೆಗೆ ಇಂದಿನ ಗುಳಿಗೆಯನ್ನು ಇಂದೇ ಸೇವಿಸಿರಿ.

ಆ ಶಿಕ್ಷಕರನ್ನು ಅಂದೇ ಅವರ ಫಿಜಿಷಿಯನ್ ಬಳಿಗೆ ಕಳುಹಿಸಿದೆ. ಗುಳಿಗೆಗಳು ಮತ್ತೆ ಆರಂಭವಾದವು. ಎರಡು ವಾರಗಳ ನಂತರ ಬಂದಾಗ ಒತ್ತಡ 136/84 ಇತ್ತು. ಎರಡೇ ಗುಳಿಗೆಗಳಿಗೆ ಬಗ್ಗುವ ಒತ್ತಡಕ್ಕೆ ನರ ಸುಡುವ ಅಗತ್ಯವೇ ಇಲ್ಲವೆಂದು ವಿವರಿಸಿದೆ. "ಮಗಗ ಫೋನ್ ಮಾಡಿ ಹೇಳ್ತೀನ್ರಿ" ಎಂದು ನಕ್ಕು, ಜೇಬಿನಿಂದ ಗುಳಿಗೆಯ ಚೀಟಿ ತೆಗೆದು ತೋರಿಸಿದರು. ಪ್ರತಿ ದಿನದ ಮುಂದೆ ಪೆನ್ಸಿಲಿನಿಂದ ಒಂದೊಂದು ಗುರುತು ಹಾಕಿದ್ದರು.